ಅಮ್ಮನ ಬೆನ್ನುನೋವಿನ ವಿಷಯ

ಮ್ಯಾಂಚೆಸ್ಟರ್
ಭಾನುವಾರ

ಪ್ರೀತಿಯ ಅಣ್ಣಾ,

ನಾವೆಲ್ಲ ಆರಾಮ. ನಿನ್ನ ಮೇಲ್ ಓದಿದೆ. ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನಿಗೆ ರಾತ್ರಿ ಮಗ್ಗುಲಾದರೂ ಬೆನ್ನುನೋವು ಅಂತೀಯ. ಅದನ್ನು ವಯಸ್ಸಿನ ನೋವು ಅಂದುಕೊಳ್ಳಬೇಡ. ಅಮ್ಮನಿಗೆ ಆಗಿದ್ದಂಥ ಸ್ತನ ಕ್ಯಾನ್ಸರ್ ವಾಸಿಯಾಗಿ ವರ್ಷಗಳಾದ ಮೇಲೂ ಬೆನ್ನುಮೂಳೆಗೆ ಬರುವುದುಂಟು. ಬಂದೇ ಇದೆ ಅಂತಲ್ಲ, ನೋಡಿಬಿಡೋಣ ಅಷ್ಟೆ. ಎಕ್ಸ್‌ರೇ ಸರಿಯಿದೆ ಅಂದರೆ ಸಾಲದು. ಮೂಳೆ ಸಾಕಷ್ಟು ಹಾಳಾಗುವವರೆಗೂ ಅದರಲ್ಲಿ ಕಾಣುವುದಿಲ್ಲ. ಎಂಆರ್‌ಐ ಮಾಡಿಸು. ಬರೀ ಸೊಂಟದ್ದಲ್ಲ, ಇಡೀ ಬೆನ್ನುಮೂಳೆಯದ್ದು. ನೋವು ಒಂದು ಕಡೆ ಇದ್ದರೂ ಗಡ್ಡೆ ಎರಡು ಮೂರು ಕಡೆ ಇರಬಹುದು.

ಪುಟ್ಟಿ ನಿಶ್ಚಿತಾರ್ಥ ಮುಗಿಯಲಿ ಅಂತ ಅಮ್ಮ ಹಟ ಮಾಡ್ತಾಳೆ, ಅಲ್ವಾ? ಕೇಳಬೇಡ. ಈ ವಾರವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗು. ಎಣ್ಣೆ ಹಾಕಿ ನೀವುವವನನ್ನು ಬಾಗಿಲಲ್ಲೇ ವಾಪಸ್ ಕಳಿಸು.

ಕಾಲು ಸೋತರೆ, ಚಪ್ಪಲಿ ಜಾರಿದ್ದೇ ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ, ನಡುರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಹೊರಡಿ. ಗಡ್ಡೆ ಬೆನ್ನುಮೂಳೆಯೊಳಗಿನ ನರದ ಹುರಿಯನ್ನು ಒತ್ತುತ್ತಿರಬಹುದು. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕವರು ಹೆಚ್ಚಾಗಿ ಆಮೇಲೂ ನಡೆಯುತ್ತಾರೆ. ಕಾಲು ಪೂರ್ತಿ ಬಿದ್ದ ಮೇಲೆ ಕಷ್ಟ. ನಮ್ಮ ವಾರ್ಡಿನಲ್ಲಿ ಎರಡೂ ನೋಡಿದ್ದೇನೆ.

ಇಲ್ಲಿ ಮಂಡಿ ಆಪರೇಷನ್‌ಗೆ ತಿಂಗಳುಗಟ್ಟಲೆ ಕಾಯಿಸುತ್ತಾರೆ. ಆದರೆ ಇಂಥ ಲಕ್ಷಣ ಕಂಡರೆ 24 ಗಂಟೆಯೊಳಗೆ ಎಂಆರ್‌ಐ ಆಗಬೇಕು ಅಂತ ಮಾರ್ಗಸೂಚಿ! ನಮ್ಮಲ್ಲಿ ಲಕ್ಷಣ ಬರೆದ ಸಣ್ಣ ಕಾರ್ಡ್ ಕೊಟ್ಟು ಪರ್ಸಿನಲ್ಲಿಡಿ ಅನ್ನುತ್ತೇವೆ. ಒಬ್ಬ ಅಜ್ಜ ಅದರ ಹಿಂದೆ ರೇಸ್ ಕುದುರೆಗಳ ಹೆಸರು ಬರೆದಿಟ್ಟಿದ್ದ.

ಒಂದು ವೇಳೆ ಅಮ್ಮನಿಗೆ ಗಡ್ಡೆ ಇದ್ದರೂ ಚಿಕಿತ್ಸೆ ಇದೆ, ಬೇಕಾದಷ್ಟಿದೆ. ಹುರಿ ಒತ್ತಿದ್ದರೆ ಬಾವು ಇಳಿಯಲು ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಡುತ್ತಾರೆ. ಅದರಿಂದ ಅಮ್ಮನ ಶುಗರ್ ಏರುತ್ತದೆ, ದಿನಾ ನೋಡಿ. ಆಮೇಲೆ ರೇಡಿಯೇಷನ್, ಕೆಲವರಿಗೆ ಒಂದೇ ಸಲ ಸಾಕಾಗುತ್ತದೆ. ಮೂಳೆ ಕುಸಿಯುವಂತಿದ್ದರೆ ಸ್ಕ್ರೂ, ರಾಡ್ ಹಾಕಿ ನಿಲ್ಲಿಸುತ್ತಾರೆ. ಮೂಳೆ ಗಟ್ಟಿಯಾಗಲು ಜೊಲೆಡ್ರಾನಿಕ್ ಇಂಜೆಕ್ಷನ್ ಕೊಡುತ್ತೇವೆ ಅಂದರೆ, ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸು. ಅಲುಗಾಡುವ ಆ ದವಡೆಹಲ್ಲು ಇಂಜೆಕ್ಷನ್‌ಗೆ ಮುಂಚೆಯೇ ಹೋಗಬೇಕು. ಆಮೇಲೆ ಕೀಳಿಸಿದರೆ ದವಡೆ ಮೂಳೆ ಮಾಯದೆ ಕಾಡಬಹುದು.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಹಳೇ ಫೈಲ್ ಅಮ್ಮನ ಬೀರುವಿನಲ್ಲಿ ಸೀರೆಗಳ ಕೆಳಗಿದೆ, ಬಯಾಪ್ಸಿ ರಿಪೋರ್ಟ್ ಸಮೇತ ತಗೊಂಡು ಹೋಗು. ದುಡ್ಡು ನಾಳೆ ಹಾಕುತ್ತೇನೆ, ಸಂಕೋಚ ಬೇಡ. ನಾನಂತೂ ಗಾಬರಿಯಾಗಿಲ್ಲ, ನಿಜವಾಗಲೂ. ನೀನೂ ಆಗಬೇಡ. ಏನೂ ಇರಲಿಕ್ಕಿಲ್ಲ. ಅಮ್ಮನಿಗೆ ಸುಮ್ನೆ ಚೆಕಪ್ ಅಂತ ಹೇಳು, ಉಳಿದದ್ದು ನಾನೇ ಹೇಳುತ್ತೇನೆ.

ಡ್ಯೂಟಿಗೆ ಹೊತ್ತಾಯಿತು. ಅತ್ತಿಗೆಗೆ ಹೇಳು. ಎಂಆರ್‌ಐ ದಿನ ಗೊತ್ತಾದ ತಕ್ಷಣ ಮೆಸೇಜ್ ಹಾಕು.

ಇಂತಿ,
ಸುಮಾ