ಅವನು, ಅವಳು, ಅವರು

ಪ್ರೀತಿಯ ಹುಡುಗಿ,

ನಿನ್ನ ಕಾದಂಬರಿಯ ಕಟ್ಟು ಬಂದು ಇಪ್ಪತ್ತು ದಿನ ಆಯಿತು. ಎರಡು ಸಲ ಓದಿದ್ದೇನೆ. ಜೊತೆಗಿದ್ದ ಕಾಗದ ಓದಿ ಮಾತ್ರ ಬೇಜಾರಾಯಿತು. ಯಾರೋ ಸಂಪಾದಕರು ‘ಹೆಸರುಗಳು ಜಾಸ್ತಿ, ತಲೆಬುಡ ತಿಳಿಯುವುದಿಲ್ಲ’ ಅಂತ ವಾಪಸ್ ಕಳಿಸಿದ್ದಕ್ಕೆ ಬರೆಯುವುದನ್ನೇ ಬಿಡುತ್ತೀಯಾ? ಅಧ್ಯಾಯ ಎಷ್ಟುದ್ದ ಇರಬೇಕು, ಮುನ್ನುಡಿ ಯಾರ ಹತ್ತಿರ ಬರೆಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನೆಲ್ಲ ಬೇರೆ ಯಾರನ್ನಾದರೂ ಕೇಳು, ಮಾರಾಯ್ತಿ.

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅಂದರೆ ಪ್ರಾಣ ಅಂತ ಬರೆದಿದ್ದೀಯ. ಹಾಗಾದರೆ ಈ ಕತೆ ಗೊತ್ತಿರುತ್ತದೆ. ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಹಸ್ತಪ್ರತಿಯನ್ನು 1968ರಲ್ಲಿ ಒಬ್ಬ ಸಂಪಾದಕರು ವಿಪರೀತ ಗೋಜಲು, ಓದಲಾಗದು ಅಂತ ತಿರುಗಿ ಕಳಿಸಿದ್ದರು. ಮರುವರ್ಷ ಅದು ಅಚ್ಚಾಯಿತು, ವಿಜ್ಞಾನದ ಕತೆಗಳಿಗೆ ಕೊಡುವ ದೊಡ್ಡ ಬಹುಮಾನಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಬಂದವು. ಆ ಪತ್ರವನ್ನು ಆಕೆ, ಬರೆದವರ ಹೆಸರು ತೆಗೆದು, ತಮ್ಮ ವೆಬ್‌ಸೈಟಿನಲ್ಲೇ ಹಾಕಿಟ್ಟಿದ್ದರು. ಹೊಸಬರಿಗೆ ಧೈರ್ಯ ಹೇಳುವವರೆಲ್ಲ ಇದನ್ನೇ ಹೇಳುತ್ತಾರೆ. ನಾನು ಹೇಳುವುದಿಲ್ಲ. ವಾಪಸ್ ಬಂದದ್ದೆಲ್ಲ ಒಳ್ಳೆಯ ಪುಸ್ತಕವೇ ಆಗಿರಬೇಕಿಲ್ಲ, ಅಲ್ವಾ? ನನ್ನ ಬೀರುವಿನಲ್ಲಿ ಅಂಥವು ಮೂರು ಇವೆ. ಮೂರೂ ವಾಪಸ್ ಬರಬೇಕಾದವೇ.

ನನಗೆ ಆಕೆ ದೊಡ್ಡವರು ಅನಿಸಿದ್ದು ಬಹುಮಾನ ಬಂದ ಮೇಲೆ ಮಾಡಿದ ಕೆಲಸದಿಂದ. ಆ ಕಾದಂಬರಿಯ ಗೆಥೆನ್ ಗ್ರಹದ ಜನ ಹೆಚ್ಚಿನ ದಿನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ತಿಂಗಳಿಗೊಮ್ಮೆ ಕೆಲವು ದಿನ ಮಾತ್ರ ಯಾವುದಾದರೂ ಒಂದು. ಒಬ್ಬರೇ ಒಂದು ಮಗುವಿಗೆ ತಾಯಿ, ಇನ್ನೊಂದಕ್ಕೆ ತಂದೆ ಆಗಬಹುದು. ರಾಜನೇ ಬಸುರಿಯಾಗುತ್ತಾನೆ! ಇಷ್ಟೆಲ್ಲ ಕಟ್ಟಿದವರು ಪುಸ್ತಕದ ತುಂಬ ಆ ಜನರನ್ನು ‘ಅವನು’ ಅಂತಲೇ ಕರೆದರು. ಕೆಲವರು ಆಗಲೇ ಕೇಳಿದರು, ಇದೇನಿದು ಅಂತ. 1976ರ ಒಂದು ಪ್ರಬಂಧದಲ್ಲಿ ಆಕೆ ತಮ್ಮನ್ನು ಸಮರ್ಥಿಸಿಕೊಂಡರು. ಇಂಗ್ಲಿಷಿನಲ್ಲಿ ‘ಅವನು’ ಎಲ್ಲರಿಗೂ ಸಲ್ಲುತ್ತದೆ, ಹೊಸ ಸರ್ವನಾಮ ಹುಟ್ಟಿಸಿ ಭಾಷೆ ಕೆಡಿಸಲಾರೆ ಅಂತ. ಹತ್ತು ವರ್ಷ ಕಳೆದ ಮೇಲೆ ಅದೇ ಪ್ರಬಂಧ ತೆಗೆದುಕೊಂಡು, ಹಳೆಯ ಮಾತು ಒಂದನ್ನೂ ಅಳಿಸದೆ, ಪಕ್ಕದಲ್ಲೇ ತಮಗೆ ತಾವೇ ತಕರಾರು ಬರೆದರು. ಇಲ್ಲಿ ತಪ್ಪಿದೆ, ಇಲ್ಲಿ ಸುಮ್ನೆ ಜಾರಿಕೊಂಡಿದ್ದೇನೆ ಅನ್ನುವ ಧಾಟಿಯಲ್ಲಿ. ಅಷ್ಟರಲ್ಲಿ ಅದೇ ಗ್ರಹದ ‘ವಿಂಟರ್ಸ್ ಕಿಂಗ್’ ಕತೆಯನ್ನೂ 1975ರ ಸಂಕಲನಕ್ಕೆ ತಿದ್ದಿ, ಎಲ್ಲರನ್ನೂ ‘ಅವಳು’ ಮಾಡಿದ್ದರು. ರಾಜ ಮಾತ್ರ ರಾಜನೇ!

ಅರ್ಥ್‌ಸೀ ಅನ್ನುವ ಆಕೆಯ ಮಾಂತ್ರಿಕರ ಕತೆಯ ಪುಸ್ತಕಗಳೂ ಹಾಗೆಯೇ. 1968ರ ಮೊದಲ ಪುಸ್ತಕದಲ್ಲಿ ಮಂತ್ರವಿದ್ಯೆಯ ಶಾಲೆಗೆ ಹುಡುಗರಿಗಷ್ಟೇ ಪ್ರವೇಶ. ಹೆಂಗಸರ ಮಂತ್ರ ದುರ್ಬಲ ಅನ್ನುವುದು ಅಲ್ಲಿನ ಗಾದೆ. 1972ರಲ್ಲಿ ಮೂರನೆಯದು ಬಂತು, ಅದಕ್ಕೆ ನ್ಯಾಷನಲ್ ಬುಕ್ ಅವಾರ್ಡ್. ಅಲ್ಲಿಗೆ ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹದಿನೆಂಟು ವರ್ಷ ಬಿಟ್ಟು 1990ರಲ್ಲಿ ‘ತೆಹಾನು’ ಬರೆದರು. ಅದರಲ್ಲಿ ಮಹಾ ಮಾಂತ್ರಿಕ ಗೆಡ್ ಶಕ್ತಿಯೆಲ್ಲ ಕಳೆದುಕೊಂಡು ಊರಿಗೆ ಬರುತ್ತಾನೆ. ಕತೆ ನಡೆಸುವವಳು ಟೆನಾರ್ ಅನ್ನುವ ನಡುವಯಸ್ಸಿನ ವಿಧವೆ, ಹೊಲಮನೆ ನೋಡಿಕೊಂಡಿರುವವಳು. ಹಳೆಯ ಅಭಿಮಾನಿಗಳಲ್ಲಿ ಎಷ್ಟೋ ಜನ ಸಿಟ್ಟಾದರು. ಅಂದಹಾಗೆ ಆ ಪುಸ್ತಕಕ್ಕೆ ‘ಅರ್ಥ್‌ಸೀಯ ಕೊನೆಯ ಪುಸ್ತಕ’ ಅಂತ ಉಪಶೀರ್ಷಿಕೆ ಬೇರೆ ಇತ್ತು. 2001ರಲ್ಲಿ ಮತ್ತೆರಡು ಬಂದವು.

ಈಗ ನನ್ನ ಮಾತು. ಮೂವತ್ತೈದು ವರ್ಷದ ಹಿಂದೆ ಒಂದು ದೀಪಾವಳಿ ವಿಶೇಷಾಂಕಕ್ಕೆ ಅಂತರಿಕ್ಷ ನೌಕೆಯ ಕತೆ ಬರೆದಿದ್ದೆ. ಹನ್ನೊಂದು ಜನ ಯಾತ್ರಿಗಳು, ಒಬ್ಬಳು ಹೆಂಗಸು, ಅವಳಿಗೆ ಕಾಫಿ ಮಾಡುವುದು ಬಿಟ್ಟರೆ ಕೆಲಸವಿಲ್ಲ. ಎಲ್ಲರೂ ಹೊಗಳಿದರು. ಒಬ್ಬ ಮೇಷ್ಟ್ರಮ್ಮ ಮಾತ್ರ ಕಾರ್ಡು ಬರೆದರು: ‘ನಿಮ್ಮ ನೌಕೆ ಚಂದ್ರನನ್ನು ದಾಟಿತು, ಅಡುಗೆಮನೆ ದಾಟಲಿಲ್ಲ.’ ನಾನೇನು ಮಾಡಿದೆ ಗೊತ್ತಾ? ವಿಜ್ಞಾನದ ಕತೆ ಓದುವ ಬಗೆ ಕಲಿಯಿರಿ ಅಂತ ಎರಡು ಪುಟ ಉತ್ತರ ಬರೆದೆ. ಆಮೇಲೆ ಆ ಕತೆ ಮೂರು ಸಂಕಲನದಲ್ಲಿ ಬಂತು. ಮೂರು ಸಲವೂ ಕರಡು ತಿದ್ದಿದವನು ನಾನೇ. ಒತ್ತಕ್ಷರ ಸರಿ ಮಾಡಿದೆ, ಆ ಹೆಂಗಸಿನ ಕೈಯಿಂದ ಲೋಟ ಮಾತ್ರ ಬಿಡಿಸಲಿಲ್ಲ. ಹೊಗಳಿಕೆ ಹಾಗೆ ಕಣಮ್ಮ, ಅದು ಬಿದ್ದ ಕಡೆ ಪೆನ್ಸಿಲ್ ಇಡಲು ಕೈ ಬರುವುದಿಲ್ಲ.

ನಿನ್ನ ಗ್ರಹದಲ್ಲೂ ಗಂಡು ಹೆಣ್ಣು ಭೇದವಿಲ್ಲ. ನೀನು ಜಾಣೆ, ಎಲ್ಲರನ್ನೂ ‘ಅವರು’ ಮಾಡಿಬಿಟ್ಟೆ. ಅವರು ಬಂದರು, ಅವರು ಕೂತರು. ಇಂಗ್ಲಿಷಿನಲ್ಲಿ ಆಕೆ ಅಷ್ಟು ಒದ್ದಾಡಿದ್ದು ನಮಗೆ ಬಿಟ್ಟಿಯಾಗಿ ಸಿಕ್ಕಿತು ಅಂತ ನನಗೂ ಖುಷಿಯಾಯಿತು, ನೂರಹದಿನಾಲ್ಕನೇ ಪುಟದವರೆಗೆ. ಅಲ್ಲಿ ಪಾತ್ರೆ ತೊಳೆಯಲು ಒಬ್ಬರು ಬರುತ್ತಾರೆ. ‘ಅವಳು ಬಂದಳು’ ಅಂತ ಬರೆದಿದ್ದೀಯ. ಮುಂದೆ ಕೊಟ್ಟಿಗೆಯಲ್ಲಿ ‘ಅವನು ಸಗಣಿ ಬಾಚಿದನು’. ನಿನ್ನ ‘ಅವರು’ ಗಂಡು ಹೆಣ್ಣನ್ನು ಮುಚ್ಚಿತು, ಯಜಮಾನ ಯಾರು ಆಳು ಯಾರು ಅನ್ನುವುದನ್ನು ತೋರಿಸಿಕೊಟ್ಟಿತು. ಬೇಕೆಂದೇ ಬರೆದೆಯಾ, ಅಥವಾ ಕೈ ತಾನಾಗಿ ಬರೆಯಿತಾ? ಬೇಕೆಂದೇ ಬರೆದಿದ್ದರೆ ಇಡೀ ಕಾದಂಬರಿ ಅದರ ಮೇಲೇ ನಿಲ್ಲಬೇಕು, ಬರೀ ಎರಡು ಪುಟಕ್ಕೆ ಮುಗಿಯಬಾರದು. ಅಲ್ಲ ಅಂದರೆ, ಇದನ್ನು ಹೊಗಳುವವರು ಸಿಗುವ ಮೊದಲೇ ತಿದ್ದು.

ಕಟ್ಟನ್ನು ಸೋಮವಾರ ಪೋಸ್ಟ್ ಮಾಡುತ್ತೇನೆ. ನೂರಹದಿನಾಲ್ಕರ ಅಂಚಿನಲ್ಲಿ ಕಾಫಿ ಕಲೆ ಆಗಿದೆ. ಅದು ನಾನೇ ಮಾಡಿಕೊಂಡ ಕಾಫಿ.