ಈ ಭಾನುವಾರದ ಮಾತುಕತೆ: ಮಾಚೇ ನೊವಿತ್ಸ್ಕಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಪೋಲೆಂಡಿನ ವಾಸ್ತುಶಿಲ್ಪಿ ಮಾಚೇ ನೊವಿತ್ಸ್ಕಿ ಬಗ್ಗೆ ಮಾತಾಡೋಣ. ಹುಟ್ಟಿದ್ದು 1910ರಲ್ಲಿ. ಕಟ್ಟಡಗಳಷ್ಟೇ ಅಲ್ಲ, ಹೆಂಡತಿ ಸ್ಟಾನಿಸ್ಲಾವಾ ಜೊತೆ ಸೇರಿ ಚೆಂದದ ಪೋಸ್ಟರುಗಳನ್ನೂ ಮಾಡಿದವರು. ಯುದ್ಧದಲ್ಲಿ ವಾರ್ಸಾ ಬಹುಪಾಲು ನೆಲಸಮವಾಗಿತ್ತು. 1945ರಲ್ಲಿ ಅದರ ನಡುಭಾಗವನ್ನು ಮತ್ತೆ ಕಟ್ಟಲು ನಕ್ಷೆ ಹಾಕಿದವರಲ್ಲಿ ಇವರೂ ಒಬ್ಬರು.

ಆಮೇಲೆ ಅಮೆರಿಕಕ್ಕೆ ಹೋದರು. ಅಲ್ಲಿನ ರಾಲಿ ಊರಿನ ಡಾರ್ಟನ್ ಅರೀನಾ ಎಂಬ ದೊಡ್ಡ ಸಭಾಂಗಣ ಇವರ ಕಲ್ಪನೆ. ಓರೆಯಾಗಿ ನಿಂತ ಎರಡು ಕಾಂಕ್ರೀಟ್ ಕಮಾನು, ನಡುವೆ ಎಳೆದು ಕಟ್ಟಿದ ಉಕ್ಕಿನ ಹಗ್ಗ, ಅದರ ಮೇಲೆ ಕುದುರೆ ಜೀನಿನಂಥ ಚಾವಣಿ. ಒಳಗೆ ಒಂದೂ ಕಂಬ ಇಲ್ಲ! ಫೋಟೊ ತಪ್ಪದೆ ನೋಡಿ ಬನ್ನಿ.

ನಮ್ಮ ದೇಶದ ನಂಟೂ ಇದೆ. ಚಂಡೀಗಢದ ಮೊದಲ ಯೋಜನೆಯಲ್ಲಿ ಅಮೆರಿಕದ ನಗರ ಯೋಜಕ ಆಲ್ಬರ್ಟ್ ಮೇಯರ್ ಜೊತೆ ದುಡಿದರು. ಇಲ್ಲಿಂದ ಹಿಂದಿರುಗುವಾಗ, 1950ರ ಆಗಸ್ಟ್ 31ರಂದು, ಈಜಿಪ್ಟಿನಲ್ಲಿ ವಿಮಾನ ಬಿದ್ದು ತೀರಿಕೊಂಡರು. ಬರೀ 40 ವರ್ಷ. ಚಂಡೀಗಢದ ಕೆಲಸ ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೇ ಕೈಗೆ ಹೋಯಿತು. ಈಗ ಚಂಡೀಗಢ ಅಂದರೆ ಅವರೊಬ್ಬರ ಹೆಸರೇ ಜಾಸ್ತಿ ಕೇಳಿಸುತ್ತದೆ, ಅಲ್ವಾ? ನನಗೆ ಇದು ಬೇಸರದ ಸಂಗತಿ.

ನೊವಿತ್ಸ್ಕಿ ಬರೆದ ಚಂಡೀಗಢದ ರೇಖಾಚಿತ್ರಗಳು ಯಾರ ಹತ್ತಿರವಾದರೂ ಇದ್ದರೆ ಶನಿವಾರದೊಳಗೆ ಇಲ್ಲಿ ಹಾಕಿ.