ಮಾಳಿಗೆಯ ಮೇಲಿನ ಆ ತಂತಿ ಅಲ್ಲೇ ಇರಲಿ

ಮಾನ್ಯ ಸಂಪಾದಕರೆ,

ಬಿರುಗಾಳಿಯೋ ಭೂಕಂಪವೋ ಬಂದು ಹೋದ ಮೇಲೆ ಪತ್ರಿಕೆಗಳಲ್ಲಿ ಹವ್ಯಾಸಿ ರೇಡಿಯೋದವರ, ಅಂದರೆ ಪರವಾನಗಿ ಪಡೆದು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಪರಸ್ಪರ ಮಾತಾಡುವ ‘ಹ್ಯಾಮ್’ಗಳ ಬಗ್ಗೆ ನಾಲ್ಕು ಸಾಲು ಬರುತ್ತದೆ. ಮೊಬೈಲ್ ಗೋಪುರಗಳು ಮಲಗಿದ್ದಾಗ ಇವರು ಸಂದೇಶ ಮುಟ್ಟಿಸಿದರು ಎಂದು ಬರೆದಿರುತ್ತಾರೆ. ಓದಿ ಹೆಮ್ಮೆ ಅನಿಸುತ್ತದೆ. ಆದರೆ ಉಳಿದ ದಿನಗಳಲ್ಲಿ ಅದೇ ಮನೆಯ ಬಾಗಿಲಿಗೆ ‘ಮಾಳಿಗೆಯ ಮೇಲಿನ ತಂತಿ ಇಳಿಸಿ’ ಎಂಬ ನೋಟಿಸ್ ಬರುತ್ತದೆ. ನಮ್ಮ ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರಿಗೆ ಅವರ ವಸತಿ ಸಮುಚ್ಚಯದ ಸಂಘ ಇಂಥ ನೋಟಿಸ್ ಕೊಟ್ಟಿತು. ಜಗಳ ಬೇಡವೆಂದು ಅವರು ತಂತಿ ಇಳಿಸಿ, ಸುತ್ತಿ, ಮಂಚದ ಕೆಳಗೆ ಇಟ್ಟರು. ಭಾನುವಾರ ಬೆಳಿಗ್ಗೆ ಎಲ್ಲರೂ ರೇಡಿಯೋದಲ್ಲಿ ಒಟ್ಟು ಸೇರುವ ನಮ್ಮ ‘ನೆಟ್’ನಲ್ಲಿ ಹಾಜರಿ ಕರೆಯುವಾಗ ಈಗಲೂ ಅವರ ಕಾಲ್‌ಸೈನ್ (ರೇಡಿಯೋದಲ್ಲಿ ಅವರ ಗುರುತಿನ ಹೆಸರು) ಹೇಳುತ್ತೇವೆ, ಸ್ವಲ್ಪ ಹೊತ್ತು ಕಾಯುತ್ತೇವೆ, ಆಮೇಲೆ ಮುಂದಿನವರನ್ನು ಕರೆಯುತ್ತೇವೆ.

ಆ ತಂತಿ ಎಂಥದ್ದು ಎಂದು ಹೇಳಬೇಕು. ನಾವು ಬಳಸುವ ತರಂಗ ಪಟ್ಟಿಗಳಲ್ಲೊಂದು 7 ಮೆಗಾಹರ್ಟ್ಸ್. ಅದರ ಅಲೆಯ ಉದ್ದ ಸುಮಾರು 40 ಮೀಟರ್. ಅದರ ಅರ್ಧ, ಅಂದರೆ ಸುಮಾರು 20 ಮೀಟರ್ ತಾಮ್ರದ ತಂತಿಯನ್ನು ನಡುವೆ ಕತ್ತರಿಸಿ, ಅಲ್ಲಿಂದ ಕೇಬಲ್ ಇಳಿಬಿಟ್ಟರೆ ಆ್ಯಂಟೆನಾ ಸಿದ್ಧ. ಬಟ್ಟೆ ಒಣಗಿಸುವ ಹಗ್ಗಕ್ಕಿಂತ ತೆಳು. ಇದಕ್ಕೆ ಯಂತ್ರದಿಂದ ಹೋಗುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್. 5 ವ್ಯಾಟ್‌ನಲ್ಲೇ ಖಂಡ ದಾಟುವುದನ್ನು ಪಣವಾಗಿ ಇಟ್ಟುಕೊಂಡವರೂ ನಮ್ಮಲ್ಲಿದ್ದಾರೆ. ಹಗಲಿನಲ್ಲಿ ವಾತಾವರಣದ ಮೇಲಿನ ‘ಡಿ’ ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅದಕ್ಕೂ ಮೇಲಿನ ‘ಎಫ್’ ಪದರ ಅಲೆಗಳನ್ನು ಭೂಮಿಯ ಕಡೆಗೆ ಬಾಗಿಸುತ್ತದೆ. ಸಂಜೆ ಕಳೆಯುತ್ತಿದ್ದಂತೆ ದೂರದ ದನಿಗಳು ಒಂದೊಂದಾಗಿ ಏಳುವುದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಇದಕ್ಕೆ ನಡುವೆ ಗೋಪುರ ಬೇಡ, ಉಪಗ್ರಹ ಬೇಡ, ಕಂಪನಿ ಬೇಡ. ಆ ತುದಿಯಲ್ಲೊಬ್ಬರು, ಈ ತುದಿಯಲ್ಲೊಬ್ಬರು, ಒಂದು ಬ್ಯಾಟರಿ, ಒಂದು ತಂತಿ, ಇಷ್ಟು ಸಾಕು.

ನೆರೆಹೊರೆಯವರ ಆತಂಕಗಳನ್ನು ನಾನು ತಳ್ಳಿಹಾಕುವುದಿಲ್ಲ. ಸಿಡಿಲಿನ ಭಯ ನ್ಯಾಯವಾದದ್ದು. ಅದಕ್ಕಾಗಿಯೇ ಭೂಸಂಪರ್ಕ ಕೊಡುತ್ತೇವೆ, ಮೋಡ ಕವಿದರೆ ಕೇಬಲ್ ಕಳಚುತ್ತೇವೆ. ವಿಕಿರಣದ ಭಯಕ್ಕೂ ಉತ್ತರವಿದೆ. ಈ ಅಲೆಗಳು ಎಕ್ಸ್‌ರೇಯಂಥವಲ್ಲ, ಆದರೂ ತಂತಿಯಿಂದ ಜನ ಎಷ್ಟು ದೂರದಲ್ಲಿರಬೇಕು ಎಂಬುದಕ್ಕೆ ಲೆಕ್ಕವಿದೆ, ಆ ಲೆಕ್ಕ ಮಾಡಿಯೇ ತಂತಿಯನ್ನು ಎತ್ತರದಲ್ಲಿ ಕಟ್ಟುತ್ತೇವೆ. ನಮ್ಮ ಮಾತು ಯಾರದೋ ಮನೆಯ ಸ್ಪೀಕರಿನಲ್ಲಿ ಕೇಳಿಸಿದರೆ ಅದನ್ನು ಸರಿಪಡಿಸುವುದು ನಮ್ಮ ಹೊಣೆ. ಪರೀಕ್ಷೆ ಬರೆದು ಪರವಾನಗಿ ಪಡೆದವರು ನಾವು. ಹಣದ ವ್ಯವಹಾರಕ್ಕೆ ಈ ರೇಡಿಯೋ ಬಳಸುವಂತಿಲ್ಲ, ಅರ್ಥ ಮುಚ್ಚಿಡಲೆಂದು ಗೂಢಲಿಪಿಯಲ್ಲಿ ಮಾತಾಡುವಂತಿಲ್ಲ. ನಾವು ಆಡುವುದೆಲ್ಲವನ್ನೂ ಯಾರು ಬೇಕಾದರೂ ಕೇಳಬಹುದು.

ನಿಜ ಹೇಳಬೇಕೆಂದರೆ ಈಗ ತೊಂದರೆ ಹರಿಯುತ್ತಿರುವುದು ಹೆಚ್ಚಾಗಿ ಇನ್ನೊಂದು ದಿಕ್ಕಿನಿಂದ. ಅಗ್ಗದ ಚಾರ್ಜರುಗಳು, ಎಲ್ಇಡಿ ದೀಪಗಳು, ಸೌರಫಲಕದ ಇನ್ವರ್ಟರುಗಳು ಒಳಗೆ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಹಾಕಿ ತೆಗೆದು ಮಾಡುತ್ತವೆ. ಒಳ್ಳೆಯ ತಯಾರಕರು ಫಿಲ್ಟರ್ ಇಟ್ಟಿರುತ್ತಾರೆ. ಕಾಸು ಉಳಿಸುವವರು ಅದನ್ನೇ ಬಿಟ್ಟುಬಿಡುತ್ತಾರೆ. ಆ ಗಲಾಟೆ ಮನೆಯ ವೈರುಗಳನ್ನೇ ಆ್ಯಂಟೆನಾ ಮಾಡಿಕೊಂಡು ಹೊರಗೆ ಹರಡುತ್ತದೆ. ಮನೆಯವರಿಗೆ ಏನೂ ಕೇಳಿಸುವುದಿಲ್ಲ. ನಮಗೆ ದೂರದ ದನಿಗಳೆಲ್ಲ ಅದರಡಿ ಮುಳುಗಿಹೋಗುತ್ತವೆ.

ಇತ್ತೀಚೆಗೆ ಒಂದು ಬೀದಿಯಲ್ಲಿ ಪ್ರತಿ ಸಂಜೆ ಗುರುಗುಟ್ಟುವ ಸದ್ದು ಎದ್ದು 7 ಮೆಗಾಹರ್ಟ್ಸ್ ಪಟ್ಟಿ ಪೂರ್ತಿ ಕಿವುಡಾಗುತ್ತಿತ್ತು. ನಾವು ನಾಲ್ವರು ಕೈಯಲ್ಲಿ ಹಿಡಿಯುವ ಬಳೆಯಾಕಾರದ ಆ್ಯಂಟೆನಾ ಹಿಡಿದು ಹೊರಟೆವು. ಅದನ್ನು ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಸದ್ದು ಥಟ್ಟನೆ ಕುಗ್ಗುತ್ತದೆ. ಆಗ ಮೂಲ ಯಾವ ಗೆರೆಯ ಮೇಲಿದೆ ಎಂದು ತಿಳಿಯುತ್ತದೆ. ಮೂರು ಕಡೆ ನಿಂತು ಮೂರು ಗೆರೆ ಎಳೆದೆವು. ಅವು ಸೇರಿದ್ದು ವೃದ್ಧೆಯೊಬ್ಬರ ಮನೆಯ ಮೇಜಿನ ದೀಪದ ಬಳಿ. ವಿಷಯ ಹೇಳಿದಾಗ ಅವರು ನಂಬಲಿಲ್ಲ. ನಂಬಬೇಕಾದ್ದೂ ಇರಲಿಲ್ಲ. ಹೆಡ್‌ಫೋನ್ ಅವರ ಕಿವಿಗೆ ಕೊಟ್ಟು, ಪ್ಲಗ್ ತೆಗೆಯಿರಿ ಎಂದೆವು. ಗುರುಗುಟ್ಟುವಿಕೆ ನಿಂತು, ಅದರಡಿಯಿಂದ ಯಾರೋ ನಿಧಾನವಾಗಿ ಕಳಿಸುತ್ತಿದ್ದ ಮೋರ್ಸ್ ಸಂಕೇತ (ಗಿಡ್ಡ, ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ಲಿಪಿ) ಹಕ್ಕಿಯ ಕೂಗಿನ ಹಾಗೆ ತೆಳ್ಳಗೆ ಮೇಲೆದ್ದಿತು. ‘ಇದು ಎಲ್ಲಿಂದ?’ ಎಂದು ಕೇಳಿದರು. ಮತ್ತೆ ಪ್ಲಗ್ ಹಾಕಿದರು, ಮತ್ತೆ ತೆಗೆದರು. ನಾವು ದೀಪದ ವೈರನ್ನು ಇಂಥ ಗಲಾಟೆ ತಡೆಯುವ ಕಪ್ಪು ಫೆರೈಟ್ ಉಂಗುರದೊಳಗಿಂದ ಏಳು ಸುತ್ತು ಹಾಯಿಸಿ ಕೊಟ್ಟೆವು. ದೀಪ ಉರಿಯುತ್ತಿದ್ದರೂ ಸದ್ದು ಬಹುತೇಕ ಅಡಗಿತು.

‘ಆಪತ್ತಿನಲ್ಲಿ ಉಪಯೋಗಕ್ಕೆ ಬರುವುದಾದರೆ ಆಪತ್ತು ಬಂದಾಗ ತಂತಿ ಕಟ್ಟಿಕೊಳ್ಳಿ’ ಎಂದು ನಮ್ಮ ಹಿರಿಯರಿಗೆ ಸಂಘದವರು ಹೇಳಿದರಂತೆ. ಈ ಮಾತು ನನ್ನನ್ನು ಬಹಳ ಕಾಡಿತು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಭಾರತಿ ಪ್ರಸಾದ್ ಮತ್ತು ಸಂಗಡಿಗರು ರೇಡಿಯೋ ಹೂಡಿಕೊಂಡು ಕೂತಿದ್ದರು. ಅವರು ಹೋದದ್ದು ಪರಿಹಾರ ಕಾರ್ಯಕ್ಕಲ್ಲ. ಆ ದ್ವೀಪದಿಂದ ಜಗತ್ತಿನ ಹ್ಯಾಮ್‌ಗಳೊಡನೆ ಮಾತಾಡಬೇಕೆಂಬ ಹವ್ಯಾಸದ ಹಂಬಲಕ್ಕೆ. ಯಂತ್ರ ಬಿಸಿಯಾಗಿತ್ತು, ಆ್ಯಂಟೆನಾ ಮೇಲಿತ್ತು, ಕೈ ಪಳಗಿತ್ತು. ಮಾಮೂಲಿ ಸಂಪರ್ಕ ಕಡಿದಾಗ ಅದೇ ರೇಡಿಯೋ ಮೂಲಕ ಜನರ ಕ್ಷೇಮಸಮಾಚಾರ ಹೊರಬಿತ್ತು. ಆ ಬೆಳಿಗ್ಗೆ ಕೂತು ತಂತಿ ಅಳೆಯುವಷ್ಟು ಪುರುಸೊತ್ತು ಯಾರಿಗಿರುತ್ತಿತ್ತು?

ಪಳಗಿದ ಕೈ ಎಂದೆನಲ್ಲ, ಅದಕ್ಕಾಗಿಯೇ ಭಾನುವಾರದ ನೆಟ್. ಒಬ್ಬರು ಸಂದೇಶ ಓದುತ್ತಾರೆ, ಇನ್ನೊಬ್ಬರು ಬರೆದುಕೊಂಡು ಪದಗಳನ್ನು ಎಣಿಸುತ್ತಾರೆ. ಕಳಿಸಿದವರ ಎಣಿಕೆಗೂ ಬರೆದವರ ಎಣಿಕೆಗೂ ತಾಳೆಯಾಗಬೇಕು. ಒಮ್ಮೆ ಅಭ್ಯಾಸದಲ್ಲಿ ‘ಫಿಫ್ಟೀನ್’ ಕಂಬಳಿ ಎಂದದ್ದನ್ನು ಹೊಸಬರೊಬ್ಬರು ‘ಫಿಫ್ಟಿ’ ಎಂದು ಬರೆದುಕೊಂಡರು. ಪದಗಳ ಎಣಿಕೆ ಸರಿಯಾಗಿಯೇ ಇತ್ತು, ತಪ್ಪು ಹಾಗೇ ದಾಟಿತು. ಅಂದಿನಿಂದ ನಮ್ಮಲ್ಲಿ ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತೇವೆ: ಒಂದು, ಐದು. ಇಂಥ ಪಾಠ ಪುಸ್ತಕದಿಂದ ಬರುವುದಿಲ್ಲ. ವರ್ಷಕ್ಕೊಮ್ಮೆ ಬಯಲಿನಲ್ಲಿ ಡೇರೆ ಹಾಕಿ, ಇಡೀ ದಿನ ಬ್ಯಾಟರಿಯಲ್ಲೇ ಯಂತ್ರ ನಡೆಸುತ್ತೇವೆ. ಮಕ್ಕಳಿಗೆ ಬಚ್ಚಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಆಟವಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವ ಹತ್ತು ನಿಮಿಷ 145.800 ಮೆಗಾಹರ್ಟ್ಸ್‌ಗೆ ಕಿವಿಗೊಟ್ಟು ಕೂರುತ್ತೇವೆ. ಎಷ್ಟೋ ಸಲ ಏನೂ ಕೇಳುವುದಿಲ್ಲ, ಆದರೂ ಮಕ್ಕಳು ಕದಲುವುದಿಲ್ಲ.

ನಮಗೆ ಸಿಕ್ಕಿರುವ ತರಂಗ ಪಟ್ಟಿಗಳು ದಾನವಾಗಿ ಬಂದವು ಎಂದು ಯಾರಾದರೂ ತಿಳಿದಿದ್ದರೆ ಅದರ ಕಥೆಯೂ ತಿಳಿದಿರಲಿ. 1912ರ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರಿಗಿಂತ ಗಿಡ್ಡ ಅಲೆಗಳಿಗೆ ತಳ್ಳಿತು, ಅವು ದೂರಕ್ಕೆ ಹೋಗುವುದಿಲ್ಲ ಎಂಬ ಅಂದಾಜಿನಲ್ಲಿ. 1923ರ ನವೆಂಬರಿನಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಹವ್ಯಾಸಿಗಳು ಅಂಥ ಗಿಡ್ಡ ಅಲೆಯಲ್ಲೇ ಅಟ್ಲಾಂಟಿಕ್‌ನ ಎರಡೂ ದಡಗಳಿಂದ ಪರಸ್ಪರ ಮಾತಾಡಿದರು. 1961ರ ಡಿಸೆಂಬರ್ 12ರಂದು, ಸ್ಪುಟ್ನಿಕ್ ಹಾರಿ ನಾಲ್ಕೇ ವರ್ಷಕ್ಕೆ, ಹವ್ಯಾಸಿಗಳು ಕೈಯಾರೆ ಕಟ್ಟಿದ ಆಸ್ಕರ್-1 ಉಪಗ್ರಹ ಕಕ್ಷೆ ಸೇರಿ ಮೋರ್ಸ್‌ನಲ್ಲಿ ‘ಹಾಯ್’ ಎಂದು ಕಳಿಸುತ್ತಿತ್ತು.

ನಮ್ಮ ಕ್ಲಬ್ಬಿನಲ್ಲಿ ಈಗ ತಲೆ ನರೆತವರೇ ಹೆಚ್ಚು. ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮ 2003ರಲ್ಲೇ ಸಡಿಲವಾದರೂ ಹೊಸಬರು ಸಾಲುಗಟ್ಟಿ ಬರಲಿಲ್ಲ. ಬರುವ ಹುಡುಗ ಹುಡುಗಿಯರು ಪರೀಕ್ಷೆ ಚೆನ್ನಾಗಿ ಪಾಸಾಗುತ್ತಾರೆ, ಯಂತ್ರವನ್ನೂ ಹೇಗೋ ಹೊಂದಿಸಿಕೊಳ್ಳುತ್ತಾರೆ. ಆಮೇಲೆ ತಂತಿ ಕಟ್ಟಲು ಮಾಳಿಗೆಯ ಬೀಗದ ಕೈ ಕೇಳಿದಾಗ ಅವರ ಉತ್ಸಾಹ ಕುಂದುತ್ತದೆ. ಅವರ ಪರವಾಗಿ ಈ ಪತ್ರ.

ಆ ವಸತಿ ಸಂಘದ ಪದಾಧಿಕಾರಿಗಳೂ ಇದನ್ನು ಓದುತ್ತಾರೆಂದು ನಂಬಿದ್ದೇನೆ. ಒಂದು ಸಂಜೆ ನಮಗೆ ಕೊಡಿ. ತಂತಿಯನ್ನು ಮೊದಲಿನ ಜಾಗದಲ್ಲಿ ಕಟ್ಟುತ್ತೇವೆ, ಸುರಕ್ಷಿತ ದೂರದ ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ. ನಮ್ಮ ಹಿರಿಯರು ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುತ್ತಿರುವಾಗ ಎಲ್ಲ ಮನೆಗಳಲ್ಲೂ ಟಿವಿ, ಸ್ಪೀಕರ್, ಫೋನ್ ಹಾಕಿಕೊಂಡು ನೋಡಿ. ಎಲ್ಲಾದರೂ ತೊಂದರೆ ಕಂಡರೆ ಫಿಲ್ಟರ್ ನಾವೇ ತಂದು ಹಾಕುತ್ತೇವೆ. ಅದಕ್ಕೂ ಬಗ್ಗದಿದ್ದರೆ ನೋಟಿಸ್ ಬೇಕಾಗಿಲ್ಲ, ತಂತಿಯನ್ನು ಅಂದೇ ನಮ್ಮ ಕೈಯಾರೆ ಇಳಿಸುತ್ತೇವೆ.

— ಹವ್ಯಾಸಿ ರೇಡಿಯೋ ಕ್ಲಬ್ಬೊಂದರ ಸದಸ್ಯ